ತಲುಪದ ಪತ್ರ, ತಂದೆಯೆಂಬ ಹೆಸರು

ಫ್ರಾನ್ಸ್ ಕಾಫ್ಕಾ ತನ್ನ ತಂದೆ ಹರ್ಮನ್‌ಗೆ ಆ ಸುದೀರ್ಘ ಪತ್ರವನ್ನು ಬರೆದದ್ದು 1919ರ ನವೆಂಬರಿನಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ. ನನ್ನನ್ನು ಕಂಡರೆ ನಿನಗೇಕೆ ಭಯ ಎಂದು ತಂದೆ ಕೇಳಿದ್ದಕ್ಕೆ ಬಾಯಿಬಿಟ್ಟು ಹೇಳಲಾಗದ ಉತ್ತರ ಅದು. ಪತ್ರ ತಂದೆಯ ಕೈಸೇರಲೇ ಇಲ್ಲ; ಪೂರ್ಣವಾಗಿ ಅಚ್ಚಾದದ್ದು 1952ರಲ್ಲಿ, ಇಬ್ಬರೂ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಈ ಯೆಹೂದ್ಯ ಲೇಖಕನ ಬರಹವನ್ನು ನಮ್ಮ ಗುರುಮಠಗಳಲ್ಲಿ ಓದಬೇಕೆಂಬುದು ನನ್ನ ವಾದ.

ಪತ್ರದ ಕೇಂದ್ರದಲ್ಲಿ ಒಂದು ರಾತ್ರಿಯಿದೆ. ನೀರು ಬೇಕೆಂದು ರಚ್ಚೆ ಹಿಡಿದ ಮಗುವನ್ನು ತಂದೆ ಎತ್ತಿಕೊಂಡು ಹೋಗಿ, ಮನೆಯ ಹೊರಮೊಗಸಾಲೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡ. ಆತ ಹೊಡೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಕೆಂಪೇರಿದ ಮುಖ, ಅಬ್ಬರ, ಕುರ್ಚಿಯ ಬೆನ್ನಿಗೆ ಸಿದ್ಧವಾಗಿ ತೂಗುಬಿಟ್ಟ ಷರಾಯಿಯ ಪಟ್ಟಿ, ಇಷ್ಟೇ ಸಾಕಾಗಿತ್ತು. ಊಟದ ಮೇಜಿನಲ್ಲಿ ಮಕ್ಕಳಿಗೆ ವಿಧಿಸಿದ ನಿಯಮಗಳಿಗೆ ತಂದೆ ಬದ್ಧನಾಗಿರಲಿಲ್ಲ. ಆಜ್ಞೆಯುಂಟು, ಆಜ್ಞಾಪಿಸಿದವನಿಗೆ ಅದು ಅನ್ವಯಿಸದು: ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ದೇವರ ಆಜ್ಞೆಗಳು ಹೇಗೆ ಕೇಳಿಸಿಯಾವು?

ಕೃತಿಯ ದೌರ್ಬಲ್ಯವನ್ನೂ ಹೇಳಬೇಕು. ಕಾಫ್ಕಾ ಕಾನೂನು ಓದಿದವನು. ಪತ್ರದಲ್ಲಿ ವಕೀಲನ ಜಾಣತನವಿದೆಯೆಂದು ತಾನೇ ಒಪ್ಪಿಕೊಂಡಿದ್ದಾನೆ. ಕೊನೆಯಲ್ಲಿ ತಂದೆಯ ಪ್ರತಿವಾದವನ್ನೂ ಅವನೇ ಬರೆಯುತ್ತಾನೆ. ಮಧ್ಯೆ ಮಧ್ಯೆ ತಂದೆ ನಿರಪರಾಧಿಯೆಂದು ಸಾರುತ್ತಾನೆ. ಇದನ್ನು ಕ್ಷಮೆಯೆಂದು ಮೆಚ್ಚುವ ಓದುಗರುಂಟು. ನನಗೆ ಹಾಗೆ ಕಾಣುವುದಿಲ್ಲ. ಇದು ಗಾಯಗೊಂಡ ಮಗುವಿನ ಹಳೆಯ ಅಭ್ಯಾಸ: ತಂದೆಯನ್ನು ಬಿಡುಗಡೆ ಮಾಡಿ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದು. ತಪ್ಪಿಗೆ ತಪ್ಪೆಂಬ ಹೆಸರು ಸಿಗದಿದ್ದರೆ ಕ್ಷಮಿಸಲು ಏನೂ ಉಳಿಯುವುದಿಲ್ಲ.

ಇಲ್ಲಿಯೇ ಪತ್ರ ನಮ್ಮ ಪಾಲನಾ ಸೇವೆಯನ್ನು ಪ್ರಶ್ನಿಸುತ್ತದೆ. ಯಾಜಕನಾದ ಹೊಸತರಲ್ಲಿ, ತಂದೆಯ ಏಟುಗಳನ್ನು ಮರೆಯಲಾಗದೆಂದು ಆಪ್ತವಾಗಿ ಹೇಳಿಕೊಂಡ ಒಬ್ಬರಿಗೆ ನಾನು ನಾಲ್ಕನೆಯ ಆಜ್ಞೆಯನ್ನು ನೆನಪಿಸಿದೆ. ಅವರು ತಲೆದೂಗಿ ಹೊರಟರು, ಮತ್ತೆ ಬರಲಿಲ್ಲ. ನಾನು ಅವರನ್ನು ಮತ್ತೊಮ್ಮೆ ಬಾಗಿಲಾಚೆ ನಿಲ್ಲಿಸಿದ್ದೆ. ಎಫೆಸದವರಿಗೆ ಬರೆದ ಪತ್ರವು ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಉಸಿರಿನಲ್ಲೇ ತಂದೆಯರನ್ನೂ ಎಚ್ಚರಿಸುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರವು ಮಕ್ಕಳ ಮನಗುಂದುವ ಅಪಾಯವನ್ನು ಬಲ್ಲದು. ನಮ್ಮ ಪ್ರಬೋಧನೆಗಳು ಮೊದಲರ್ಧಕ್ಕೇ ನಿಂತುಬಿಡುತ್ತವೆ.

ದೇವರನ್ನು ತಂದೆಯೆಂದು ಕರೆಯುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮಾನವ ತಂದೆತಾಯಂದಿರು ಆ ಹೆಸರಿನ ಮುಖವನ್ನು ವಿರೂಪಗೊಳಿಸಬಲ್ಲರೆಂದೂ, ದೇವರ ಪಿತೃತ್ವ ಅವರ ಪಿತೃತ್ವವನ್ನು ಮೀರಿದ್ದೆಂದೂ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ 239ನೆಯ ಪರಿಚ್ಛೇದದಲ್ಲಿ ಒಪ್ಪುತ್ತದೆ. ಅಂದಮೇಲೆ ನಮ್ಮ ತಂದೆಯರನ್ನು ನೋಡಿ ದೇವರನ್ನು ಅಳೆಯುವಂತಿಲ್ಲ. ದೇವರ ಮುಂದೆ ನಮ್ಮ ತಂದೆಯರೇ ಅಳೆಯಲ್ಪಡುತ್ತಾರೆ. ಯೇಸು ಹೇಳಿದ ಸಾಮತಿಯಲ್ಲಿ ತಂದೆ ಬಾಗಿಲು ಹಾಕಿಕೊಳ್ಳುವುದಿಲ್ಲ. ತಾನೇ ಹೊರಗೆ ಓಡಿಬರುತ್ತಾನೆ.

ಪ್ರಭು ಕಲಿಸಿದ ಪ್ರಾರ್ಥನೆಯ ಮೊದಲ ಮಾತಿನಲ್ಲೇ ನಾಲಿಗೆ ತಡವರಿಸುವವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರ ಪತ್ರ ಯಾರಿಗಾದರೂ ತಲುಪಬೇಕು. ಉಪದೇಶ ಆಮೇಲಿನದು, ಮೊದಲು ಅದನ್ನು ಕೊನೆಯವರೆಗೆ ಓದುವ ತಾಳ್ಮೆ ಯಾಜಕನಿಗಿರಲಿ.