ಗುಟ್ಟುಳ್ಳ ಪತ್ತೇದಾರ

ಪರರ ಗುಟ್ಟನ್ನು ರಟ್ಟುಮಾಡುವುದೇ ಪತ್ತೇದಾರನ ಕಸುಬು. ಅಂತಹವನಿಗೇ ಒಂದು ಗುಟ್ಟಿದ್ದು, ಅದು ಬಯಲಾದರೆ ಮಾನವೂ ಪ್ರಾಣವೂ ಒಟ್ಟಿಗೆ ಹೋಗುವಂತಿದ್ದರೆ, ಆತನು ಸತ್ಯವನ್ನು ಅರಸುವ ಬಗೆ ಎಂತಹುದಾದೀತು? ಅಮೆರಿಕದ ಗ್ರಂಥಕರ್ತ್ರಿ ಡಯಾನಾ ಗ್ಯಾಬಲ್ಡನ್ ಅವರ ‘ಲಾರ್ಡ್ ಜಾನ್ ಅಂಡ್ ದಿ ಸಕ್ಯುಬಸ್’ ಎಂಬ ಕಿರುಕಾದಂಬರಿಯನ್ನು ಓದುವಾಗ ನಮ್ಮನ್ನು ಮೊದಲಿನಿಂದ ಕಡೆಯವರೆಗೂ ಕಾಡಿದ ಪ್ರಶ್ನೆ ಇದೇ. 2003ರಲ್ಲಿ ಒಂದು ಸಂಕಲನದಲ್ಲಿ ಮೊದಲು ಬೆಳಕು ಕಂಡ ಈ ಕೃತಿಯನ್ನು, ಹೆಸರು ನೋಡಿ ದೆವ್ವದ ಕಥೆಯೆಂದು ಬಗೆದು, ನಾವು ಬಹುಕಾಲ ತೆರೆಯದೆಯೇ ಇಟ್ಟಿದ್ದೆವು. ತಪ್ಪು ನಮ್ಮದು.

ಕಥೆ ನಡೆಯುವುದು 1757ರ ಶರತ್ಕಾಲದಲ್ಲಿ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ನಮ್ಮ ದೇಶದಲ್ಲಿ ಪ್ಲಾಸಿಯ ಕದನ ನಡೆದುದೂ ಅದೇ ವರ್ಷವೇ. ಅಲ್ಲಿ ಸಪ್ತವಾರ್ಷಿಕ ಸಮರವೆನಿಸಿಕೊಂಡುದೇ ಇಲ್ಲಿ 1760ರಲ್ಲಿ ವಾಂಡಿವಾಷಿನ ಬಯಲಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ನಿರ್ಣಯವಾಯಿತೆಂಬುದನ್ನು ನೆನೆದರೆ, ಈ ದೂರದ ಕಥೆಯು ನಮ್ಮ ವಾಚಕರಿಗೆ ತೀರ ಪರಕೀಯವೆನಿಸದು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಬರ್ಲೆಂಡಿನ ಡ್ಯೂಕನು ಕ್ಲೋಸ್ಟರ್‌ಝೇವನ್ ಎಂಬಲ್ಲಿ ಫ್ರೆಂಚರಿಗೆ ಮಣಿದು ಒಪ್ಪಂದ ಮಾಡಿಕೊಂಡಿದ್ದನು. ಮಿತ್ರಸೈನ್ಯಗಳ ಧೈರ್ಯ ಉಡುಗಿಹೋದ ಸಮಯ. ಮೇಜರ್ ಲಾರ್ಡ್ ಜಾನ್ ಗ್ರೇ ಎಂಬಾತನು ಡ್ಯೂಕನೊಬ್ಬನ ಕಿರಿಯ ಮಗ. ಇಂಗ್ಲಿಷ್ ಸೇನೆಗೂ ಹ್ಯಾನೋವರಿನ ಪಡೆಗೂ ನಡುವೆ ಸಂಪರ್ಕಾಧಿಕಾರಿಯಾಗಿ ನಿಂತವನು. ಪಾಳೆಯದಲ್ಲಿ ಸಿಪಾಯಿಗಳು ವಿಚಿತ್ರವಾಗಿ ಸಾಯತೊಡಗುತ್ತಾರೆ. ರಾತ್ರಿ ನಿದ್ದೆಯಲ್ಲಿ ಬಂದು ಗಂಡಸರನ್ನು ಕೂಡಿ ಅವರ ಜೀವಸತ್ವವನ್ನು ಹೀರುವ ಪಿಶಾಚಿಯ ಕೆಲಸವಿದು ಎಂದು ಜನ ಗುಸುಗುಟ್ಟುತ್ತಾರೆ. ಹುಣಿಸೆಯ ಮರದ ಮೋಹಿನಿಯ ಕಥೆಗಳನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವರಿಗೆ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದ ಕೇರಿಗಳನ್ನು ಕಂಡವರಿಗೆ, ಈ ಭೀತಿಯ ವ್ಯಾಖ್ಯಾನ ಬೇಕಾಗಿಲ್ಲ.

ಮಸಣದಲ್ಲಿ ಬಿಳಿಯ ಕುದುರೆಯೊಂದನ್ನು ಸಮಾಧಿಗಳ ಮೇಲೆ ನಡೆಯಿಸುವ ಸನ್ನಿವೇಶವು ಈ ಕೃತಿಯ ಶಿಖರ. ಪಿಶಾಚಿಯು ಮಲಗಿರುವ ಕುಣಿಯನ್ನು ಕುದುರೆಯು ದಾಟದೆಂಬುದು ಅಲ್ಲಿಯವರ ನಂಬಿಕೆ. ಗ್ರೇ ಅದನ್ನು ನಂಬುವವನಲ್ಲ. ಆದರೆ ನಗುವವನೂ ಅಲ್ಲ. ನಂಬಿದವರ ಮುಖಗಳನ್ನು ಅವನು ನೋಡುತ್ತಾನೆ. ಯಾರು ನಿಜವಾಗಿ ಹೆದರಿದ್ದಾರೆ, ಯಾರಿಗೆ ಈ ಹೆದರಿಕೆಯಿಂದ ಲಾಭ ಎಂಬುದೇ ಅವನ ತನಿಖೆಯ ಬುಡ. ಮುಂದಿನ ರಹಸ್ಯವನ್ನು ನಾವು ಒಡೆಯಲಾರೆವು. ಪತ್ತೇದಾರಿ ಕಥೆಯ ವಿಮರ್ಶಕನಿಗೆ ಅಷ್ಟು ಸಂಯಮವಾದರೂ ಇರಬೇಕು.

ಮುಖಗಳನ್ನು ಓದುವ ಈ ವಿದ್ಯೆ ಅವನಿಗೆ ಬಂದುದೆಲ್ಲಿಂದ? ಗ್ರೇ ಸಲಿಂಗಾನುರಾಗಿ. 1533ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಆದ ಶಾಸನದಂತೆ ಅದಕ್ಕೆ ಇಂಗ್ಲೆಂಡಿನಲ್ಲಿ ಗಲ್ಲಿನ ಶಿಕ್ಷೆಯಿತ್ತು. ಅದು ರದ್ದಾದುದು 1861ರಲ್ಲಿ. ಬಾಲ್ಯದಿಂದ ತನ್ನ ನೋಟ, ನಗೆ, ಮಾತಿನ ತಡವರಿಕೆ, ಪ್ರತಿಯೊಂದನ್ನೂ ಕಾವಲು ಕಾಯ್ದವನು ಪರರಲ್ಲಿಯೂ ಅವನ್ನೇ ಮೊದಲು ಗುರುತಿಸುವನು. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರರು ಬುದ್ಧಿಬಲದಿಂದಲೂ ಭುಜಬಲದಿಂದಲೂ ಗೆಲ್ಲುತ್ತಿದ್ದರು. ಗ್ರೇ ಗೆಲ್ಲುವುದು ಭಯದ ಅಭ್ಯಾಸದಿಂದ. ಇದು ಗ್ರಂಥಕರ್ತ್ರಿಯ ನಿಜವಾದ ಸಾಧನೆಯೆಂದು ನಮ್ಮ ಅಭಿಪ್ರಾಯ. ನಾಯಕನ ಗುಟ್ಟು ಇಲ್ಲಿ ಕಥೆಗೆ ಹಚ್ಚಿದ ಬಣ್ಣವಲ್ಲ, ಕಥೆಯು ತಿರುಗುವ ಅಚ್ಚು.

ಅವನು ಬಿಡಾರ ಮಾಡಿದ ಕೋಟೆಯ ಒಡತಿ ಲೂಯಿಸಾ ಎಂಬ ವಿಧವೆಯಾದ ರಾಜಕುಮಾರಿ. ಆಕೆಗೆ ಗ್ರೇಯ ಮೇಲೆ ಮನಸ್ಸು. ಗ್ರೇಯ ಮನಸ್ಸಾದರೋ ಸ್ಟೆಫಾನ್ ಫಾನ್ ನಾಮ್‌ಟ್ಸೆನ್ ಎಂಬ ಎತ್ತರದ ಹ್ಯಾನೋವರ್ ಕ್ಯಾಪ್ಟನನ ಕಡೆಗೆ. ಆಕೆಯನ್ನು ನಿರಾಕರಿಸಿದರೆ ಸಂಶಯ, ಒಪ್ಪಿದರೆ ವಂಚನೆ. ಈ ಇಕ್ಕಟ್ಟನ್ನು ಲೇಖಕಿಯು ಬಹುಮಟ್ಟಿಗೆ ಹಾಸ್ಯದಿಂದಲೇ ನಡೆಸಿದ್ದಾರೆ. ಊಟದ ಮೇಜಿನ ಸುತ್ತಿನ ನಯವಾದ ಮಾತುಗಳು ಓದುಗನನ್ನು ನಗಿಸುತ್ತವೆ. ನಕ್ಕ ಮೇಲೆ, ಆ ನಯದ ಹಿಂದೆ ನೇಣಿನ ಹಗ್ಗವಿದೆಯೆಂಬುದು ಜ್ಞಾಪಕಕ್ಕೆ ಬಂದು ನಗೆ ನಿಲ್ಲುತ್ತದೆ. ಶೃಂಗಾರವರ್ಣನೆ ಮಿತವಾಗಿದೆ. ಮನೆಯಲ್ಲಿ ಹತ್ತು ಜನ ಓದುವ ಕಪಾಟಿನಲ್ಲಿ ಇದನ್ನು ಇಡಬಹುದೇ ಎಂದು ಕೇಳುವವರಿಗೆ, ಬೆಳೆದ ಮಕ್ಕಳಿಗೆ ಧಾರಾಳವಾಗಿ ಕೊಡಬಹುದೆಂದು ಹೇಳುವೆವು.

ಆದರೆ ಒಂದು ಆಕ್ಷೇಪವನ್ನು ಎತ್ತದೆ ಬಿಡುವಂತಿಲ್ಲ. ಗ್ರೇಗೆ ಕುಲದ ಕವಚವಿದೆ. ಅಣ್ಣನ ರೆಜಿಮೆಂಟು, ಮನೆತನದ ಹೆಸರು, ಗೆಳೆಯರ ಮೌನ, ಎಲ್ಲವೂ ಇವೆ. 1726ರಲ್ಲಿ ಲಂಡನ್ನಿನ ಮದರ್ ಕ್ಲ್ಯಾಪಳ ಮನೆಗೆ ಅಧಿಕಾರಿಗಳು ನುಗ್ಗಿ ಹಿಡಿದವರ ಪೈಕಿ ಮೂವರು ಟೈಬರ್ನಿನಲ್ಲಿ ಗಲ್ಲಿಗೇರಿದರು. ಅವರಲ್ಲೊಬ್ಬನು ಹಾಲು ಮಾರುವವನು, ಒಬ್ಬನು ಪೀಠೋಪಕರಣಗಳಿಗೆ ಮೆತ್ತೆ ಹೊದಿಸುವವನು, ಮತ್ತೊಬ್ಬನು ಉಣ್ಣೆ ಬಾಚುವವನು. ಲಾರ್ಡು ಎಂಬುವನು ಒಬ್ಬನೂ ಇಲ್ಲ! 1835ರಲ್ಲಿ ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕಡೆಯದಾಗಿ ನೇಣುಗಂಬವನ್ನೇರಿದ ಇಬ್ಬರೂ ಬಡವರೇ. ಶ್ರೀಮಂತನ ಭಯ ಮನಸ್ಸಿನದು, ಬಡವನ ಭಯ ಕೊರಳಿನದು. ಈ ಭೇದವನ್ನು ಕಿರುಕಾದಂಬರಿಯು ಮುಟ್ಟಿಯೂ ಮುಟ್ಟದಂತೆ ಹಾದುಹೋಗುತ್ತದೆ. ಗ್ರೇಯ ಸೇವಕ ಟಾಮ್ ಬರ್ಡ್ ಚುರುಕಾದ ಹುಡುಗ, ಪ್ರಿಯವಾದ ಪಾತ್ರ. ಅವನ ಕಣ್ಣಿನಿಂದ ಒಂದು ಅಧ್ಯಾಯವಾದರೂ ಬಂದಿದ್ದರೆ ಈ ಕೊರತೆ ನೀಗುತ್ತಿತ್ತೋ ಏನೋ.

ಇನ್ನೊಂದು ದೋಷ ಚಿಕ್ಕದು: ದೆವ್ವದ ಎಳೆಯೂ ಯುದ್ಧದ ಎಳೆಯೂ ಕೊನೆಗೆ ಒಂದೇ ಗಂಟಿಗೆ ಬರುವಾಗ ಅವಸರ ಕಾಣುತ್ತದೆ. ಜರ್ಮನ್ ಬಿರುದುಗಳ ದಟ್ಟಣೆಯೂ ಹೆಚ್ಚು.

ಇಂದಿನ ಮನಸ್ಸಿಗೆ ಹಳೆಯ ಕೃತಕಕೇಶ ತೊಡಿಸಿದ್ದಾರೆಂದು ಕೆಲವರು ಹೇಳಬಹುದು. ನಾವು ಒಪ್ಪೆವು. ಗ್ರೇ ತನ್ನನ್ನು ಶಿಕ್ಷಿಸಬಲ್ಲ ರಾಜನಿಗೇ ನಿಷ್ಠೆಯಿಂದ ದುಡಿಯುತ್ತಾನೆ. ತನ್ನ ಹಕ್ಕಿನ ಮಾತನ್ನು ಎಲ್ಲಿಯೂ ಎತ್ತುವುದಿಲ್ಲ. ಆ ಮಾತು ಹುಟ್ಟುವ ಕಾಲ ಇನ್ನೂ ಬಂದಿರಲಿಲ್ಲವೆಂಬ ಅರಿವು ಲೇಖಕಿಗಿದೆ. ಇಂಗ್ಲೆಂಡಿನಲ್ಲಿ ಕಾನೂನು ಸಡಿಲವಾದುದು 1967ರಲ್ಲಿ. ಅದೇ ಇಂಗ್ಲಿಷರು 1860ರ ದಂಡಸಂಹಿತೆಯ 377ನೆಯ ಕಲಮಿನ ಮೂಲಕ ನಮಗೆ ಬಿಟ್ಟುಹೋದ ನಿಷೇಧವು, ಒಪ್ಪಿದ ವಯಸ್ಕರ ವಿಷಯದಲ್ಲಿ ಬಿದ್ದುಹೋದುದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಐದು ವರ್ಷ ಮೊದಲೇ, 2013ರಲ್ಲಿ, ವಸುಧೇಂದ್ರರ ‘ಮೋಹನಸ್ವಾಮಿ’ ಕನ್ನಡದಲ್ಲಿ ಬಂದಿತ್ತು. ಆ ಕಥೆಗಳನ್ನು ಓದಿದವರು ಗ್ರೇಯ ಮೌನವನ್ನು ಹೆಚ್ಚು ಚೆನ್ನಾಗಿ ಕೇಳಬಲ್ಲರು.

ಓದಲು ತೊಡಗುವವರು 1998ರ ‘ಹೆಲ್‌ಫೈರ್ ಕ್ಲಬ್’ ಎಂಬ ಸಣ್ಣ ಕಥೆಯಿಂದ ಆರಂಭಿಸುವುದು ಲೇಸು. ಅದೂ, ಇದೂ, ‘ಹಾಂಟೆಡ್ ಸೋಲ್ಜರ್’ ಎಂಬ ಮೂರನೆಯದೂ 2007ರಲ್ಲಿ ಒಂದೇ ಸಂಪುಟವಾಗಿ ಬಂದಿವೆ. ಮೂರರಲ್ಲಿ ನಮಗೆ ಹೆಚ್ಚು ಹಿಡಿಸಿದುದು ಈ ನಡುವಿನದೇ. ಅದಕ್ಕೆ ಆ ಬಿಳಿಯ ಕುದುರೆಯೇ ಅರ್ಧ ಕಾರಣ.