ಒಂದು ಗಂಟೆಗೆ ಏಳು ವರ್ಷ: ಈ ಲೆಕ್ಕ ಯಾರದು?

'ಇಂಟರ್‌ಸ್ಟೆಲ್ಲರ್' ನೋಡಿ ಅತ್ತವರಲ್ಲಿ ನಾನೂ ಒಬ್ಬ. ನೀರಿನ ಗ್ರಹದಲ್ಲಿ ಮೂರು ಗಂಟೆ ಚಿಲ್ಲರೆ ಕಳೆದು ವಾಪಸ್ ಬರೋ ಕೂಪರ್, 23 ವರ್ಷಗಳಿಂದ ಬಂದು ಬಿದ್ದಿರೋ ಮಕ್ಕಳ ವಿಡಿಯೋಗಳನ್ನ ನೋಡ್ತಾನಲ್ಲ, ಆ ದೃಶ್ಯ. ಊರಲ್ಲಿ ಅಮ್ಮನನ್ನ ಬಿಟ್ಟು ಬೆಂಗಳೂರಲ್ಲಿ ದುಡಿಯೋರಿಗೆ ಅದು ಸೈನ್ಸ್ ಫಿಕ್ಷನ್ ಅನ್ನಿಸೋದೇ ಇಲ್ಲ. ಆದರೆ ಮೊನ್ನೆ ಮೂರನೇ ಸಲ ನೋಡುವಾಗ ನನ್ನೊಳಗೊಂದು ತಕರಾರು ಶುರುವಾಯ್ತು.

ಗುರುತ್ವ ಜಾಸ್ತಿ, ಅದಕ್ಕೇ ಕಾಲ ನಿಧಾನ. ಸಿನಿಮಾ ನೋಡಿ ಬಂದವರೆಲ್ಲ ಹೇಳೋದು ಇಷ್ಟೇ. ಇದು ಅರ್ಧ ಸತ್ಯ. ಭೂಮಿಯ ನಟ್ಟನಡುವೆ ಯಾವ ಕಡೆಗೂ ಸೆಳೆತವಿಲ್ಲ. ಆದರೂ ಆ ಕೇಂದ್ರ, ನಾವು ನಿಂತಿರೋ ನೆಲಕ್ಕಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು. ಅಂದರೆ ಎಷ್ಟು ಜೋರಾಗಿ ಎಳೀತಿದೆ ಅನ್ನೋದಲ್ಲ, ನೀವು ಬಾವಿಯೊಳಗೆ ಎಷ್ಟು ಆಳದಲ್ಲಿದ್ದೀರಿ ಅನ್ನೋದು ಮುಖ್ಯ.

ಹಾಗಾದ್ರೆ ಕಪ್ಪುಕುಳಿಯ ಪಕ್ಕ ಬೀಳದೆ ಎಷ್ಟು ಆಳದವರೆಗೆ ಇಳಿಯಬಹುದು? ತಿರುಗದ ಕಪ್ಪುಕುಳಿಯಾದ್ರೆ, ಒಂದು ಗ್ರಹ ಸ್ಥಿರವಾಗಿ ಸುತ್ತಬಲ್ಲ ಅತಿ ಹತ್ತಿರದ ಕಕ್ಷೆಯಲ್ಲೂ ಅಲ್ಲಿನ 1 ಗಂಟೆ ಅಂದ್ರೆ ಹೊರಗೆ ಸುಮಾರು 1 ಗಂಟೆ 25 ನಿಮಿಷ, ಅಷ್ಟೇ. ದ್ರವ್ಯರಾಶಿ ಹತ್ತು ಸೂರ್ಯರಷ್ಟಿರಲಿ, ಹತ್ತು ಕೋಟಿ ಸೂರ್ಯರಷ್ಟಿರಲಿ, ಈ ಅನುಪಾತ ಬದಲಾಗಲ್ಲ. ಗಾರ್ಗಾಂಟುವಾದ ಹತ್ತು ಕೋಟಿ ಸೂರ್ಯರ ತೂಕ ಮಾಡೋ ಕೆಲಸವೇ ಬೇರೆ: ಪಕ್ಕದಲ್ಲಿರೋ ಗ್ರಹ ಹರಿದು ಚೂರಾಗದಂತೆ ನೋಡಿಕೊಳ್ಳೋದು.

ಏಳು ವರ್ಷ ಬರೋದು ತಿರುಗುವಿಕೆಯಿಂದ. ಐನ್‌ಸ್ಟೈನ್ ಸಮೀಕರಣದಲ್ಲಿ ದ್ರವ್ಯರಾಶಿಗೆ ಮಾತ್ರ ಜಾಗ ಅಂತಿಲ್ಲ. ಶಕ್ತಿ, ಆವೇಗ, ಒತ್ತಡ ಎಲ್ಲವೂ ಲೆಕ್ಕಕ್ಕಿವೆ. ಗರಿಷ್ಠ ವೇಗದಲ್ಲಿ ತಿರುಗೋ ಕಪ್ಪುಕುಳಿಯ ತೂಕದಲ್ಲಿ ಶೇ. 29ರಷ್ಟು ಬರೀ ತಿರುಗುವಿಕೆಯ ಶಕ್ತಿ. ಅದು ಸುತ್ತಲಿನ ಅವಕಾಶವನ್ನೇ ತನ್ನ ಜೊತೆ ಎಳೆದು ಸುತ್ತಿಸೋದರಿಂದ ಗ್ರಹ ಹೆಚ್ಚುಕಮ್ಮಿ ಬಾಯಂಚಿಗೇ ಹೋಗಿ ನಿಲ್ಲಬಹುದು. ಗಂಟೆಗೆ ಏಳು ವರ್ಷ ಬೇಕು ಅಂದಿದ್ದು ನಿರ್ದೇಶಕ ನೋಲನ್. ಸಾಧ್ಯವಿಲ್ಲ ಅಂದ್ಕೊಂಡಿದ್ದ ಭೌತವಿಜ್ಞಾನಿ ಕಿಪ್ ಥಾರ್ನ್ ಲೆಕ್ಕ ಹಾಕಿ ನೋಡಿದ್ರೆ, ಸಾಧ್ಯ! ತಿರುಗೋ ವೇಗ ಗರಿಷ್ಠ ಮಿತಿಗಿಂತ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ ಕಮ್ಮಿ ಇರಬೇಕು.

ತಮಾಷೆ ಏನಂದ್ರೆ, ತೆರೆ ಮೇಲೆ ಕಾಣೋ ಗಾರ್ಗಾಂಟುವಾ ಅಷ್ಟು ವೇಗದ್ದಲ್ಲ. ಚಿತ್ರ ಓರೆಯಾಗಿ ಕಂಡು ಪ್ರೇಕ್ಷಕರು ಗೊಂದಲಕ್ಕೆ ಬಿದ್ದಾರು ಅಂತ ಮಿತಿಯ 0.6ರಷ್ಟು ವೇಗ ಇಟ್ಟು ಬಿಡಿಸಿದ್ರು. ಆ ಕಪ್ಪುಕುಳಿಯ ಅತಿ ಹತ್ತಿರದ ಸ್ಥಿರ ಕಕ್ಷೆಯಲ್ಲಿ ಮೂರು ಗಂಟೆ ಚಿಲ್ಲರೆ ಇದ್ದು ಬಂದಿದ್ರೆ ಹೊರಗೆ ಆರು ಗಂಟೆಯೂ ಆಗ್ತಿರಲಿಲ್ಲ. ಕೂಪರ್ ರಾತ್ರಿ ಊಟಕ್ಕೆ ಲೇಟು, ಅಷ್ಟೇ.

ಈ ಸುಳ್ಳನ್ನ ನಾನು ಕ್ಷಮಿಸ್ತೀನಿ, ಸಿನಿಮಾಗೆ ಮೇಕಪ್ ಬೇಕು. ನನ್ನ ತಕರಾರು ಬೇರೆ. ಆ ವಿಡಿಯೋ ದೃಶ್ಯ ಯಾಕೆ ಕರುಳು ಹಿಂಡುತ್ತೆ? ಪ್ರಕೃತಿ ಮೋಸ ಮಾಡಿಲ್ಲ. ದರ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಇಳಿದ್ರು, ಬಿಲ್ ಬಂತು. ಅಂಥಾ ಸಿನಿಮಾ ಕೊನೆಗೆ, ಪ್ರೀತಿಯೊಂದಿದ್ರೆ ಕಾಲವನ್ನೂ ದಾಟಿ ಮಗಳ ಕಪಾಟು ತಟ್ಟಬಹುದು ಅನ್ನುತ್ತೆ. ಸಾಲ ಮನ್ನಾ! ಎರಡು ಗಂಟೆ ಕಟ್ಟಿದ ಕಠೋರ ಲೆಕ್ಕ ಅಲ್ಲೇ ಸಡಿಲವಾಯ್ತು. ಮುದುಕಿಯಾದ ಮರ್ಫ್ ಅಪ್ಪನನ್ನ ಹೊರಡು ಅಂತ ಕಳಿಸುವಾಗ ಮಾತ್ರ ಆ ಪ್ರಾಮಾಣಿಕತೆ ಮತ್ತೆ ಮಿಂಚುತ್ತೆ. ಕಳೆದ ವರ್ಷಗಳು ವಾಪಸ್ ಬರಲ್ಲ.

ಅಮ್ಮ ಇರೋದು ಕರಾವಳಿಯಲ್ಲಿ, ನಾನು ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ. ನನ್ನ ಗಡಿಯಾರ ವರ್ಷಕ್ಕೆ ಸುಮಾರು 3 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಫೋನಲ್ಲಿ ಇದನ್ನ ವಿವರಿಸಿದೆ. "ಅದೆಲ್ಲ ಇರ್ಲಿ, ಈ ಸಲ ಚೌತಿಗೆ ಬರ್ತೀಯಾ ಇಲ್ವಾ?" ಅಂದ್ಲು.

ಹೋದ ಮೂರು ಚೌತಿ ನಾನು ತಪ್ಪಿಸಿಕೊಂಡಿದ್ದಕ್ಕೆ ಯಾವ ಕಪ್ಪುಕುಳಿಯೂ ಕಾರಣ ಅಲ್ಲ.