ಕೊನೆಯವನ ಮಾತು ಮೇಲೇರುವ ದಾರಿ

ಒಂದು ಕಾಲೇಜಿನ ವೇಳಾಪಟ್ಟಿಯನ್ನು ನೆನೆಯಿರಿ. ಭೌತಶಾಸ್ತ್ರಕ್ಕೆ 10 ಗಂಟೆಯಾದರೂ ಸರಿ, 11 ಆದರೂ ಸರಿ. ರಸಾಯನಶಾಸ್ತ್ರಕ್ಕೆ 11 ಮಾತ್ರ. ಗಣಿತಕ್ಕೂ 10 ಅಥವಾ 11. ಆದರೆ ಅದರ ವಿದ್ಯಾರ್ಥಿಗಳು ಉಳಿದೆರಡು ತರಗತಿಗಳಲ್ಲೂ ಇರುವುದರಿಂದ ಯಾವುದರ ಜೊತೆಗೂ ಹೊತ್ತು ತಾಗಬಾರದು. ಎಲ್ಲವನ್ನೂ ಒಬ್ಬರ ಮೇಜಿನ ಮೇಲಿಟ್ಟರೆ ಉತ್ತರ ಸುಲಭ. ಆ ಮೇಜೇ ಇಲ್ಲದಿದ್ದರೆ? ಪ್ರತಿ ವಿಭಾಗಕ್ಕೂ ಒಂದೊಂದು ಸಾಫ್ಟ್‌ವೇರ್ ಏಜೆಂಟ್ ಇದ್ದು, ಅವು ಸಂದೇಶಗಳಲ್ಲಷ್ಟೇ ಮಾತಾಡಿಕೊಂಡು ಒಪ್ಪಂದಕ್ಕೆ ಬರಬೇಕಾದರೆ?

ಈ ಪ್ರಶ್ನೆಗೆ 1992ರಲ್ಲಿ ಗಟ್ಟಿಯಾದ ಗಣಿತರೂಪ ಕೊಟ್ಟವರು ಮಕೊಟೊ ಯೊಕೊ, ಎಡ್ಮಂಡ್ ಡರ್ಫೀ, ತೊರು ಇಶಿದಾ ಮತ್ತು ಕಝುಹಿರೊ ಕುವಬಾರ. 1998ರಲ್ಲಿ ಇದೇ ನಾಲ್ವರು ಬರೆದ ವಿಸ್ತಾರವಾದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಅವರ ಮೊದಲ ಅಲ್ಗಾರಿದಮ್ ಅಸಿಂಕ್ರೊನಸ್ ಬ್ಯಾಕ್‌ಟ್ರ್ಯಾಕಿಂಗ್. ಇದರಲ್ಲಿ ಏಜೆಂಟುಗಳಿಗೆ ಒಂದು ಹಿರಿತನದ ಸಾಲು ಇರುತ್ತದೆ. ಮೇಲಿನವರು ತಮ್ಮ ಆಯ್ಕೆಯನ್ನು, ತಮ್ಮೊಂದಿಗೆ ನಿರ್ಬಂಧವಿರುವ ಕೆಳಗಿನವರಿಗೆ ತಿಳಿಸುತ್ತಾರೆ. ದಾರಿ ಕಾಣದ ಕೆಳಗಿನವರು ‘ಈ ಜೋಡಣೆ ಆಗದು’ ಎಂಬ ನೋಗುಡ್ ಸಂದೇಶವನ್ನು ಮೇಲಕ್ಕೆ ಕಳಿಸುತ್ತಾರೆ.

ನಮ್ಮ ಕಾಲೇಜಿನಲ್ಲಿ ಈ ಸಾಲು ಮೇಲಿನಿಂದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂದಿರಲಿ. ಭೌತಶಾಸ್ತ್ರ 10 ಎಂದಿತು, ರಸಾಯನಶಾಸ್ತ್ರ 11 ಎಂದಿತು. ಗಣಿತಕ್ಕೆ ಜಾಗವೇ ಉಳಿಯಲಿಲ್ಲ. ಅದು ತನಗೆ ಹತ್ತಿರದ ಹಿರಿಯನಾದ ರಸಾಯನಶಾಸ್ತ್ರಕ್ಕೆ ನೋಗುಡ್ ಕಳಿಸುತ್ತದೆ. ಬೇರೆ ಹೊತ್ತಿಲ್ಲದ ರಸಾಯನಶಾಸ್ತ್ರ ಅದನ್ನು ಭೌತಶಾಸ್ತ್ರಕ್ಕೆ ದಾಟಿಸುತ್ತದೆ: 10 ಬೇಡ. ಭೌತಶಾಸ್ತ್ರ 11ಕ್ಕೆ ಸರಿದಾಗ ಗಣಿತಕ್ಕೆ 10 ಸಿಗುತ್ತದೆ. ಯಾರೂ ಯಾರಿಗೂ ಅಪ್ಪಣೆ ಕೊಡದೆ, ಯಾರೂ ಪೂರ್ತಿ ಚಿತ್ರ ನೋಡದೆ ಕೆಲಸ ಮುಗಿಯಿತು. ಪರಿಹಾರವಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲವೆಂದು ತಿಳಿಯುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. ಇದನ್ನು ಮೊದಲ ಸಲ ಹಂತಹಂತವಾಗಿ ಬಿಡಿಸಿ ನೋಡಿದಾಗ ಆದ ಸಂತೋಷ ನನಗೆ ಇನ್ನೂ ಹಸಿಯಾಗಿದೆ.

ಆದರೆ ಹಿರಿತನದ ಸಾಲು ಕದಲುವುದಿಲ್ಲ. ಮೇಲಿನ ಏಜೆಂಟ್ ಒಂದು ತಪ್ಪು ಆಯ್ಕೆ ಮಾಡಿದರೆ ಅದು ತಪ್ಪೆಂದು ತೋರಿಸುವ ಹೊಣೆ ಕೆಳಗಿನವರ ಮೇಲೆ ಬೀಳುತ್ತದೆ. ಅವರು ತಮ್ಮೆಲ್ಲ ಸಾಧ್ಯತೆಗಳನ್ನೂ ಹುಡುಕಿ ಸೋಲಬೇಕು. ಅದಕ್ಕೇ ಯೊಕೊ ಅವರ ಮುಂದಿನ ಹೆಜ್ಜೆಯಾದ ವೀಕ್-ಕಮಿಟ್‌ಮೆಂಟ್ ಹುಡುಕಾಟ ನನಗೆ ಹೆಚ್ಚು ದೊಡ್ಡದೆನಿಸುತ್ತದೆ. ಅಲ್ಲಿ ಸಿಕ್ಕಿಬಿದ್ದವನ ಸ್ಥಾನವೇ ಸುತ್ತಲಿನವರಿಗಿಂತ ಮೇಲೇರುತ್ತದೆ. ಇಕ್ಕಟ್ಟಿನಲ್ಲಿರುವ ಗಣಿತ 10 ಎಂದು ಹಿಡಿದರೆ, ಸರಿಯಬೇಕಾದದ್ದು ಭೌತಶಾಸ್ತ್ರ. ಯಾರಿಗೆ ಆಯ್ಕೆಯೇ ಉಳಿಯದೋ ಅವರ ಮಾತಿಗೆ ತೂಕ ಬರುತ್ತದೆ. 1998ರ ಪ್ರಬಂಧದ ಪ್ರಯೋಗಗಳಲ್ಲೂ ಇದೇ ವೇಗವಾಗಿ ಓಡಿತು. ಬೆಲೆಯೂ ಇದೆ: ಸಾಲು ಬದಲಾಗುತ್ತಲೇ ಇರುವುದರಿಂದ ಪರಿಹಾರದ ಖಾತರಿ ಬೇಕೆಂದರೆ ಬಂದ ನೋಗುಡ್‌ಗಳನ್ನೆಲ್ಲ ನೆನಪಿಟ್ಟುಕೊಳ್ಳಬೇಕು, ಅವು ಬೆಟ್ಟವಾಗಿ ಬೆಳೆಯಬಲ್ಲವು. ಸುತ್ತುಗಳನ್ನಷ್ಟೇ ಎಣಿಸಿದ ಆ ಪ್ರಯೋಗಗಳ ಅಳತೆಯಲ್ಲಿ ಈ ಬೆಟ್ಟವನ್ನು ಪ್ರತಿ ಸುತ್ತಿನಲ್ಲೂ ತಡಕುವ ಶ್ರಮ ಸರಿಯಾಗಿ ಕಾಣುವುದಿಲ್ಲ.

ನನ್ನ ದೊಡ್ಡ ತಕರಾರು ಗುಟ್ಟಿನ ಬಗ್ಗೆ. ಎಲ್ಲವನ್ನೂ ಒಂದೆಡೆ ಸುರಿಯದಿರಲು ಈ ಕ್ಷೇತ್ರದ ಬರಹಗಳು ಕೊಡುವ ಮುಖ್ಯ ಕಾರಣಗಳಲ್ಲಿ ಖಾಸಗಿತನವೂ ಒಂದು. ಮೇಲಿನ ಉದಾಹರಣೆಯನ್ನೇ ಮತ್ತೆ ನೋಡಿ. ರಸಾಯನಶಾಸ್ತ್ರಕ್ಕೂ ಭೌತಶಾಸ್ತ್ರಕ್ಕೂ ಯಾವ ನಿರ್ಬಂಧವೂ ಇರಲಿಲ್ಲ. ಆದರೂ ಗಣಿತದ ನೋಗುಡ್ ಓದಿದ ರಸಾಯನಶಾಸ್ತ್ರಕ್ಕೆ ಭೌತಶಾಸ್ತ್ರದ ಹೊತ್ತು ತಿಳಿಯಿತು, ಇಬ್ಬರ ನಡುವೆ ಹೊಸ ಕೊಂಡಿಯೂ ಬೆಸೆಯಿತು. ಪ್ರತಿ ನಿರಾಕರಣೆಯೂ ಒಂದಿಷ್ಟು ಸಂಗತಿಯನ್ನು ಹೊರಗೆ ಸೋರಿಸುತ್ತದೆ. ಸಮಸ್ಯೆ ಕಠಿಣವಾದಷ್ಟೂ ನಿರಾಕರಣೆಗಳು ಹೆಚ್ಚು. ಮುಂದೆ ರೋಜರ್ ಮೈಲರ್ ಮತ್ತು ವಿಕ್ಟರ್ ಲೆಸ್ಸರ್ ರೂಪಿಸಿದ ವಿಧಾನದಲ್ಲಿ ಇಕ್ಕಟ್ಟಿನ ಏಜೆಂಟ್ ಮಧ್ಯಸ್ಥನಾಗಿ ನೆರೆಯವರ ನಿರ್ಬಂಧಗಳನ್ನೇ ಕೇಳಿ ಪಡೆಯುತ್ತಾನೆ. ವೇಗಕ್ಕಾಗಿ ಗುಟ್ಟನ್ನು ಬಿಟ್ಟುಕೊಟ್ಟದ್ದು ಅಲ್ಲಿ ಇನ್ನಷ್ಟು ಸ್ಪಷ್ಟ.

ಗುಟ್ಟು ಉಳಿಸುವ ದಾರಿಯೂ ಇದೆ. 2002ರಲ್ಲಿ ಯೊಕೊ ಅವರೇ ಸುಝುಕಿ, ಹಿರಯಾಮ ಅವರೊಂದಿಗೆ ಗೂಢಲಿಪಿಯ ವಿಧಾನವೊಂದನ್ನು ಪ್ರಕಟಿಸಿದರು. ಅದರಲ್ಲಿ ಏಜೆಂಟುಗಳಿಗೆ ತಮ್ಮ ಉತ್ತರದಾಚೆ ಏನೂ ಗೊತ್ತಾಗುವುದಿಲ್ಲ. ಆದರೆ ಹುಡುಕಾಟ ನಡೆಸುವವು ಹೊರಗಿನ ಹಲವು ಸರ್ವರ್‌ಗಳು. ಗಣಿತವಾಗಲಿ ರಸಾಯನಶಾಸ್ತ್ರವಾಗಲಿ ಅಲ್ಲಿ ಮಾತಾಡಿಕೊಳ್ಳುವುದಿಲ್ಲ, ಬೀಗ ಹಾಕಿದ ಲಕೋಟೆಗಳನ್ನು ಒಪ್ಪಿಸಿ ಕಾಯುತ್ತವೆ.